ಎತ್ತಲಾಗದ ಡೈನಮೋ

ಡ್ರಮ್‌ಕೀಲ್, ಕಾರ್ಕ್ ಕೌಂಟಿ, ಐರ್ಲೆಂಡ್
5 ಫೆಬ್ರವರಿ 2023

ಪ್ರೀತಿಯ ಫಾಕ್ನಾ,

ಫೋನ್ ಮಾಡಬಹುದಿತ್ತು. ಆದರೆ ಫೋನ್ ಹಿಡಿದರೆ ನನ್ನ ದನಿ ತಾನಾಗಿ ಏರುತ್ತದೆ, ಪಕ್ಕದ ಮನೆಯ ನೋನಿ ಗೋಡೆಗೆ ಕಿವಿ ಹಚ್ಚುತ್ತಾಳೆ, ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಈಗ ಬರೆಯುತ್ತಿರುವುದು ಊರಿಗೆ ತಿಳಿಯಬಾರದು. ಅದಕ್ಕೇ ಕಾಗದ. ನೀನೂ ಕಾಗದದಲ್ಲೇ ಉತ್ತರ ಬರಿ.

ಸೊಂಟದ ಮೂಳೆ ಕೂಡಿಕೊಂಡಿದೆಯಂತೆ. ಕೋಲು ಹಿಡಿದು ಚರ್ಚಿನವರೆಗೆ ಹೋಗಿ ಬರುತ್ತೇನೆ. ವ್ಯಾಯಾಮ ಮಾಡಿಸುವ ಹುಡುಗಿ ಮೊನ್ನೆ, "ನಡೆಯೋದಕ್ಕಿಂತ ಸೈಕಲ್ ತುಳಿಯೋದೇ ನಿಮಗೆ ಸುಲಭ, ಮಿಸ್ ಟ್ವೋಮಿ. ಆದ್ರೆ ಬೆನ್ನು ಬಗ್ಗಿಸ್ಬಾರ್ದು, ಕಾಲು ಎತ್ತಿ ದಾಟಿಸ್ಬಾರ್ದು" ಎಂದಳು. ಸೈಕಲ್ ಎಂದ ಕೂಡಲೇ ನನ್ನ ತಲೆಯಲ್ಲಿ ಒಂದು ಯೋಚನೆ ಬಂದು ಕೂತಿತು, ಎದ್ದು ಹೋಗುತ್ತಲೇ ಇಲ್ಲ.

ಊರಿನಲ್ಲಿ ಈಗ ನನ್ನ ಹೆಸರು ಏನು ಗೊತ್ತೆ? ದೀಪವಿಲ್ಲದ ಡಿಂಪ್ನಾ. ಅಂಗಡಿಯಲ್ಲಿ ಹಿಟ್ಟು ಕೊಳ್ಳಲು ನಿಂತರೆ ಹಿಂದಿನಿಂದ ಯಾರೋ, "ಟಾರ್ಚ್ ಬೇಕಾ ಡಿಂಪ್ನಾ?" ಎನ್ನುತ್ತಾರೆ. ನವೆಂಬರ್ ಹದಿನೇಳರ ಸಂಜೆ, ಕೆಲಸ ಮುಗಿಸಿ ಚೀಸ್ ಕಾರ್ಖಾನೆಯ ಓಣಿಯಲ್ಲಿ ಬರುತ್ತಿದ್ದ ನನಗೆ ಹಿಂದಿನಿಂದ ಜೀಪು ಗುದ್ದಿದವನು ಫಿನ್‌ಬಾರ್ ಹೆಗಾರ್ಟಿ. ದೀಪವೇ ಇರಲಿಲ್ಲ, ಕಾಣಿಸಲಿಲ್ಲ ಎಂದು ಪೊಲೀಸರಿಗೆ ಬರೆದುಕೊಟ್ಟವನೂ ಅವನೇ. ನಾನು ಮೂವತ್ತೊಂದು ವರ್ಷದಿಂದ ಆ ಓಣಿಯಲ್ಲಿ ಸೈಕಲ್ ತುಳಿದವಳು. ಕತ್ತಲಾದ ಮೇಲೆ ಒಂದು ದಿನವೂ ದೀಪವಿಲ್ಲದೆ ಹೊರಟವಳಲ್ಲ. ಅದನ್ನು ನೋಡಿದವರು ಯಾರು? ಜೀಪಿನಲ್ಲಿದ್ದವನು ಅವನೊಬ್ಬ. ಕಾರ್ಖಾನೆಯ ಮಾಲೀಕನ ಮಾತು, ಲೇಬಲ್ ಬರೆಯುವವಳ ಮಾತು. ಯಾವುದು ನಿಲ್ಲುತ್ತದೆ ಹೇಳು.

ಅದನ್ನಾದರೂ ನುಂಗುತ್ತಿದ್ದೆ. ಅವನು ದ್ರಾಕ್ಷಿ ಹಿಡಿದು ಆಸ್ಪತ್ರೆಗೆ ಬಂದ. ವಾರ್ಡಿನ ಎಂಟು ಹೆಂಗಸರ ಎದುರು ನನ್ನ ಹಾಸಿಗೆಯ ಬದಿಗೆ ನಿಂತು, "ತಪ್ಪು ನಿಮ್ದೇ ಆದ್ರೂ ನಾನು ಕ್ಷಮಿಸಿದೀನಿ ಡಿಂಪ್ನಾ, ಮನಸ್ಸಲ್ಲಿ ಇಟ್ಕೊಳ್ಳಲ್ಲ" ಎಂದ. ಕ್ಷಮಿಸಿದನಂತೆ! ಅಲ್ಲಿದ್ದ ಮುದುಕಿಯರೆಲ್ಲ ಎಂಥ ದೊಡ್ಡ ಮನಸ್ಸು ಎಂದು ಕಣ್ಣೊರೆಸಿಕೊಂಡರು. ನನ್ನ ಮೈ ಅವತ್ತು ಹತ್ತಿಕೊಂಡದ್ದು ಇನ್ನೂ ಆರಿಲ್ಲ.

ಈಗ ಯೋಚನೆ ಕೇಳು. ಕ್ಯಾಂಟೀನಿನ ಹಲಗೆಯ ಮೇಲೆ ಹಳೆಯ ನೋಟೀಸು ಇದೆಯಲ್ಲ, ಕೆಲಸಕ್ಕೆ ಸೈಕಲ್ಲಿನಲ್ಲಿ ಬರುವವರಿಗೆ ಕಾರ್ಖಾನೆಯೇ ಸೈಕಲ್ ಕೊಡಿಸಿ ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಡಿದುಕೊಳ್ಳುವ ಯೋಜನೆ? ನಾಲ್ಕು ವರ್ಷಕ್ಕೆ ಒಂದೇ ಸಲ. ಅರ್ಜಿಗೆ ಮಾಲೀಕನೇ ಸಹಿ ಹಾಕಬೇಕು. ಹೆಗಾರ್ಟಿ ತನ್ನ ಕೈಯಾರೆ ನನಗೆ ಸೈಕಲ್ ಕೊಡಿಸಬೇಕು. ನಾನು ಅದರ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಆ ಒಂದು ಮೈಲಿ ಓಣಿಯಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಅವನ ಜೀಪಿನ ಮುಂದೆ ಹೋಗಬೇಕು. ಎರಡೂ ಕಡೆ ಬೇಲಿ, ದಾಟಲು ಜಾಗವಿಲ್ಲ. ಪ್ರತಿದಿನ. ನಾನು ನಿವೃತ್ತಳಾಗುವವರೆಗೆ.

ನೀನು ಸೈಕಲ್ಲಿನ ದೇಶದಲ್ಲಿದ್ದೀಯ. ಯಾವುದು ಎಲ್ಲಕ್ಕಿಂತ ಭಾರ, ಎಲ್ಲಕ್ಕಿಂತ ನಿಧಾನ, ಎಲ್ಲಕ್ಕಿಂತ ಅಗಲ ಹೇಳು.

ಇನ್ನೊಂದು ಮಾತು, ಇದನ್ನು ಯಾರಿಗೂ ಹೇಳಿಲ್ಲ. ಹಳ್ಳದಲ್ಲಿ ಬಿದ್ದಿದ್ದಾಗ ಯಾರೋ ನನ್ನ ಕೈ ಹಿಡಿದುಕೊಂಡಿದ್ದರು. ಹೆಗಾರ್ಟಿ ಅಲ್ಲ, ಅವನ ದನಿ ದೂರದಲ್ಲಿ ಆಂಬುಲೆನ್ಸಿಗೆ ಫೋನ್ ಮಾಡುತ್ತಿತ್ತು. ಸ್ವರ್ಗದಿಂದ ನಿಮ್ಮಮ್ಮನೇ ಇಳಿದು ಬಂದಿದ್ದಳು ಎಂದು ನಂಬಿದ್ದೇನೆ. ಬೆಚ್ಚಗಿನ ಕೈ. ಅವಳ ಹೆಸರಿನಲ್ಲಿ ಚರ್ಚಿನಲ್ಲಿ ಒಂದು ಪೂಜೆ ಹೇಳಿಸಿದೆ.

ನೀನು ಆಸ್ಪತ್ರೆಗೆ ಬರದೆ ಹತ್ತೇ ದಿನದಲ್ಲಿ ಹಾಲೆಂಡಿಗೆ ಹೊರಟೆ ಎಂದು ನೋನಿ ಮೂಗು ಮುರಿದಳು. ಬಿಟ್ಟೆನೆ? "ಅವ್ರಮ್ಮ ಸತ್ತಿದ್ದು ಅದೇ ಆಸ್ಪತ್ರೇಲಿ. ಆ ಮೆಟ್ಲು ಹತ್ತೋಕೆ ಅವನ ಕಾಲು ಏಳಲ್ಲ, ನಿನಗೇನು ಗೊತ್ತು?" ಎಂದೆ.

ನಿನ್ನ ಚಿಕ್ಕಮ್ಮ,
ಡಿಂಪ್ನಾ


ಝ್ವೊಲೆ, ಹಾಲೆಂಡ್
14 ಫೆಬ್ರವರಿ 2023

ಪ್ರೀತಿಯ ಚಿಕ್ಕಮ್ಮ,

ನಿಮ್ಮ ಅಕ್ಷರ ನೋಡಿ ಸಂತೋಷವಾಯಿತು. ಸೈಕಲ್ ತುಳಿಯುವ ಮನಸ್ಸು ಮಾಡಿದ್ದೀರಲ್ಲ, ಅದೇ ದೊಡ್ಡದು. ಹೆಗಾರ್ಟಿಯವರ ವಿಷಯ ಬಿಟ್ಟುಬಿಡಿ ಚಿಕ್ಕಮ್ಮ. ಸೈಕಲ್ ನಿಮ್ಮ ಸೊಂಟಕ್ಕೆ, ಅವರ ತಲೆನೋವಿಗಲ್ಲ.

ನೀವು ಕೇಳಿದ್ದಕ್ಕೆ ಇಲ್ಲಿಯವರು ಅಜ್ಜಿ ಸೈಕಲ್ ಎನ್ನುತ್ತಾರೆ. ನಮ್ಮ ಉಗ್ರಾಣಕ್ಕೆ ಚೀಸ್ ಲೆಕ್ಕ ನೋಡಲು ಬರುವ ಹೆಂಗಸು ಎಪ್ಪತ್ತೆರಡು ವರ್ಷದವಳು, ಗಾಳಿಗೆ ಎದುರಾಗಿ ಅದರ ಮೇಲೆ ರಾಣಿಯ ಹಾಗೆ ಬರುತ್ತಾಳೆ. ನಡುವಿನ ಕೊಳವೆ ತಗ್ಗಾಗಿ ಬಾಗಿರುತ್ತದೆ, ಕಾಲು ಎತ್ತಬೇಕಾಗಿಲ್ಲ, ಹೊಸ್ತಿಲು ದಾಟಿದಂತೆ ದಾಟಿದರಾಯಿತು. ಹ್ಯಾಂಡಲ್ ಹಿಂದಕ್ಕೆ, ನಿಮ್ಮ ಮಡಿಲಿನ ಕಡೆಗೇ ಬರುತ್ತದೆ. ಚೈನಿಗೆ ಪೂರ್ತಿ ಕವರ್, ಲಂಗಕ್ಕೆ ಎಣ್ಣೆ ತಾಗುವುದಿಲ್ಲ. ಭಾರ ಇಪ್ಪತ್ತು ಕಿಲೋ ಮೇಲೆ. ಬೇಗ ಹೋಗಬೇಕೆಂದರೂ ಹೋಗುವುದಿಲ್ಲ.

ಹಿಂದಿನ ಕ್ಯಾರಿಯರ್ ಗಟ್ಟಿಯದು ಕೇಳಿ. ಇಲ್ಲಿ ಅದರ ಮೇಲೆ ಗಂಡ, ಹೆಂಡತಿ, ಸ್ನೇಹಿತ ಎಲ್ಲರೂ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತು ಹೋಗುತ್ತಾರೆ. ಮೊದಲ ವಾರ ನೋಡಿ ನಗು ಬಂತು. ಈಗ ನಾನೂ ಕೂರುತ್ತೇನೆ.

ಬ್ರೇಕು ಪೆಡಲಿನಲ್ಲೇ ಇರುತ್ತದೆ, ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಅದಕ್ಕೆ ಒಂದು ವಾರ ಅಭ್ಯಾಸ ಬೇಕು. ಅಂಗಳದಲ್ಲೇ ಕಲಿಯಿರಿ.

ಇಲ್ಲಿ ಕೆಲಸ ಚೆನ್ನಾಗಿದೆ. ಚಳಿ ಇದೆ.

ನಿಮ್ಮ,
ಫಾಕ್ನಾ


ಡ್ರಮ್‌ಕೀಲ್
26 ಫೆಬ್ರವರಿ 2023

ಪ್ರೀತಿಯ ಫಾಕ್ನಾ,

ಹೆಗಾರ್ಟಿಯ ವಿಷಯ ಬಿಡಬೇಕೆ? ಬಿಡುತ್ತೇನೆ, ಅವನನ್ನು ಮಣ್ಣಿಗೆ ಇಳಿಸಿದ ದಿನ. ನೀನು ಒಳ್ಳೆಯ ಮನಸ್ಸಿನವನು, ನಿಮ್ಮಮ್ಮನ ಹಾಗೆ. ನಾನು ನಿಮ್ಮಜ್ಜಿಯ ಹಾಗೆ.

ಗುರುವಾರ ಬಸ್ಸು ಹತ್ತಿ ಪೇಟೆಯ ಸೈಕಲ್ ಅಂಗಡಿಗೆ ಹೋದೆ. ಗಡ್ಡದ ಹುಡುಗ ಒಬ್ಬ ನನ್ನ ಕೋಲು ನೋಡಿ ನೇರವಾಗಿ ಬ್ಯಾಟರಿ ಸೈಕಲ್ ಕಡೆಗೆ ನಡೆಸಿದ. "ಇದ್ರಲ್ಲಿ ಗಾಳಿ ಥರ ಹೋಗ್ಬೋದು ಆಂಟಿ" ಎಂದ. "ಗಾಳಿ ಥರ ಹೋಗೋಕೆ ನನಗೇನು ಬೆಂಕಿ ಬಿದ್ದಿದೆಯಾ? ಹಂದಿ ಥರ ಹೋಗೋದು ತೋರ್ಸು" ಎಂದೆ. ಪಾಪ, ತಬ್ಬಿಬ್ಬಾದ. ಆಮೇಲೆ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಎರಡು ಕಪ್ಪು ಸೈಕಲ್ ಎಳೆದು ತಂದ. ಮೂರು ವರ್ಷದಿಂದ ಯಾರೂ ಕೇಳಿಲ್ಲವಂತೆ. ಹತ್ತಿ ಕೂತೆ, ಫಾಕ್ನಾ. ಸೊಂಟ ಒಂದು ಮಾತೂ ಆಡಲಿಲ್ಲ. ಎತ್ತರದಲ್ಲಿ ಕೂತ ಹಾಗಾಯಿತು, ಬೇಲಿಯ ಆಚೆಗೆ ಕಾಣುವಷ್ಟು. ಮೂರು ತಿಂಗಳಲ್ಲಿ ಮೊದಲ ಸಲ ನಾನು ಯಾರಿಗೂ ತಲೆ ತಗ್ಗಿಸಿಕೊಂಡಿಲ್ಲ ಎನ್ನಿಸಿತು. ಅಂಗಡಿಯಲ್ಲೇ ಕಣ್ಣು ತುಂಬಿ ಬಂದು, ಹುಡುಗನಿಗೆ ಶೀತ ಎಂದು ಸುಳ್ಳು ಹೇಳಿದೆ.

ಹೆಗಾರ್ಟಿಯ ಹತ್ತಿರವೂ ಮಾತಾಡಿ ಆಯಿತು. ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ, ನೋನಿಯ ಮಗಳ ಕಾರಿನಲ್ಲಿ. ಅವನ ಕೋಣೆಗೆ ಹೋಗಿ ಅರ್ಜಿ ಇಟ್ಟೆ.

"ಬ್ಯಾಟರಿದು ತಗೊಳ್ಳಿ ಡಿಂಪ್ನಾ," ಎಂದ, "ಯೋಜನೇಲಿ ಅದಕ್ಕೂ ಅವಕಾಶ ಇದೆ. ಬೇಗ ಬರ್ಬೋದು."

"ಬೇಗ ಬಂದೇ ಅಲ್ವಾ ಮಿಸ್ಟರ್ ಹೆಗಾರ್ಟಿ ಕೆಲವರಿಗೆ ಮುಂದಿರೋರು ಕಾಣ್ಸದೇ ಹೋಗೋದು? ನನಗೆ ನಿಧಾನದ್ದೇ ಇರ್ಲಿ."

ಅವನ ಕಿವಿ ಕೆಂಪಾಯಿತು. ಅಂಗಡಿಯ ಕೊಟೇಶನ್ ತಂದ ದಿನ ಸಹಿ ಹಾಕುತ್ತಾನಂತೆ.

ಈಗ ಉಳಿದಿರುವುದು ದೀಪ. ಎರಡು ಸೈಕಲ್ಲಿಗೂ ಬೇರೆ ಬೇರೆ ದೀಪ, ಹುಡುಗ ಏನೇನೋ ವಿವರಿಸಿದ, ತಲೆಗೆ ಹೋಗಲಿಲ್ಲ. ಕೊಟೇಶನ್ನಿನಲ್ಲಿ ಸರಿಯಾಗಿ ಬರೆಸಬೇಕು, ಒಮ್ಮೆ ಸಹಿ ಬಿದ್ದರೆ ನಾಲ್ಕು ವರ್ಷ ಬದಲಿಸುವ ಹಾಗಿಲ್ಲ. ನೀನೇ ಹೇಳು, ಯಾವ ದೀಪ ಹಾಕಿಸಲಿ? ನನಗೆ ಬೇಕಾದ್ದು ಇಷ್ಟೇ. ಇನ್ನೊಂದು ಸಲ ಯಾವ ನಾಲಿಗೆಯೂ ನನಗೆ ದೀಪವಿರಲಿಲ್ಲ ಎನ್ನಬಾರದು.

ನಿನ್ನ ಚಿಕ್ಕಮ್ಮ,
ಡಿಂಪ್ನಾ


ಝ್ವೊಲೆ
5 ಮಾರ್ಚ್ 2023

ಪ್ರೀತಿಯ ಚಿಕ್ಕಮ್ಮ,

ದೀಪದ ವಿಷಯ ತುಂಬ ಯೋಚಿಸಿದೆ. ಎರಡು ರಾತ್ರಿ ನಿದ್ದೆಯೇ ಬರಲಿಲ್ಲ ಎಂದರೆ ನಗುತ್ತೀರಿ.

ನಿಮ್ಮ ಹಳೆಯ ಸೈಕಲ್ಲಿನಲ್ಲಿದ್ದ ಹಾಗೆ ಟೈರಿಗೆ ಉಜ್ಜಿ ತಿರುಗುವ ಡೈನಮೋ ಬೇಡವೇ ಬೇಡ. ಅದನ್ನು ನಂಬುವ ಹಾಗಿಲ್ಲ. ಚಕ್ರ ನಿಂತರೆ ದೀಪ ಆರುತ್ತದೆ. ಆಮೇಲೆ ಯಾರಾದರೂ ಒಂದು ಬೆರಳಿನಲ್ಲಿ ಟೈರಿನಿಂದ ಎತ್ತಿಬಿಟ್ಟರೆ ಮುಗಿಯಿತು, ದೀಪ ಉರಿಯುತ್ತಿತ್ತು ಎಂದು ದೇವರು ಬಂದು ಹೇಳಿದರೂ ನಂಬುವವರಿಲ್ಲ. ಮುಂದಿನ ಚಕ್ರದ ನಡುವಿನ ಹಬ್ಬಿನೊಳಗೇ ಡೈನಮೋ ಇರುವುದನ್ನು ತೆಗೆದುಕೊಳ್ಳಿ. ಚಕ್ರ ತಿರುಗಿದರೆ ದೀಪ ಉರಿದೇ ಉರಿಯುತ್ತದೆ, ಹಗಲಿನಲ್ಲೂ. ನಿಂತ ಮೇಲೂ ನಾಲ್ಕು ನಿಮಿಷ ಹಿಂದಿನ ಕೆಂಪು ದೀಪ ಇರುತ್ತದೆ. ಮುಖ್ಯವಾಗಿ, ಅದನ್ನು ಯಾರೂ ಎತ್ತಲಾಗುವುದಿಲ್ಲ.

ಇದೊಂದನ್ನು ನನ್ನ ಮಾತಿಗಾಗಿ ಮಾಡಿ ಚಿಕ್ಕಮ್ಮ. ಇದು ನಿಮಗೆ ಸಿಕ್ಕರೆ ನನ್ನ ಮನಸ್ಸಿಗೂ ಸಮಾಧಾನ.

ನಿಮ್ಮ,
ಫಾಕ್ನಾ


ಡ್ರಮ್‌ಕೀಲ್
12 ಮಾರ್ಚ್ 2023

ಶ್ರೀ ಫಾಕ್ನಾ ಕೋಕ್ಲಿಯವರಿಗೆ,

ನಿಮ್ಮ ಕಾಗದ ತಲುಪಿತು. ನಾಲ್ಕು ಸಲ ಓದಿದೆ. ಮೊದಲ ಸಲ, ಎಷ್ಟು ಕಾಳಜಿ ಎಂದುಕೊಂಡೆ. ಎರಡನೆಯ ಸಲ ಚಹಾ ಆರಿಹೋಯಿತು.

ನನ್ನ ಡೈನಮೋ ಟೈರಿನಿಂದ ದೂರ ಇತ್ತು ಎನ್ನುವುದು ಸಾರ್ಜೆಂಟ್ ಮುಲ್ಕಾಹಿಯ ಪುಸ್ತಕದಲ್ಲಿದೆ. ದೀಪ ಹಾಕಿಕೊಂಡೇ ಇರಲಿಲ್ಲ ಎಂದು ಅವರು ತೀರ್ಮಾನಿಸಿದ್ದು ಅದರಿಂದಲೇ. ಈ ಮಾತು ಅವರು ಹೇಳಿದ್ದು ಇಬ್ಬರಿಗೆ, ನನಗೆ ಮತ್ತು ಹೆಗಾರ್ಟಿಗೆ. ನಾನು ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ನಿಮಗೂ ಬರೆಯಲಿಲ್ಲ. ಬಿದ್ದ ಹೊಡೆತಕ್ಕೆ ಅದು ತಾನಾಗಿ ಕಳಚಿರಬೇಕು ಎಂದು ನಾಲ್ಕು ತಿಂಗಳು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೆರಳಿನಲ್ಲಿ ಎತ್ತುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ನಿಮಗೆ ಹೊಳೆಯಿತು.

ಒಂದೇ ಪ್ರಶ್ನೆ. ನವೆಂಬರ್ ಹದಿನೇಳರಂದು ಸಂಜೆ ಐದೂವರೆಗೆ ನೀವು ಎಲ್ಲಿದ್ದಿರಿ?

ಡಿಂಪ್ನಾ ಟ್ವೋಮಿ


ಝ್ವೊಲೆ
20 ಮಾರ್ಚ್ 2023

ಪ್ರೀತಿಯ ಚಿಕ್ಕಮ್ಮ,

ದಯವಿಟ್ಟು ನನ್ನನ್ನು ನೀವು ಎಂದು ಬರೆಯಬೇಡಿ. ಎದೆ ಒಡೆಯುತ್ತದೆ.

ಏನೋ ತಪ್ಪು ತಿಳಿದಿದ್ದೀರಿ. ಡೈನಮೋ ಎಂದರೆ ಹಾಗೆಯೇ ತಾನೆ, ಎಲ್ಲರಿಗೂ ಗೊತ್ತಿರುವುದನ್ನೇ ಬರೆದೆ. ನೋನಿ ಹೇಳಿರಬಹುದು, ಅಥವಾ ಕಾರ್ಖಾನೆಯಲ್ಲಿ ಯಾರಾದರೂ. ಆ ಸಂಜೆ ನಾನು ಪೇಟೆಯಲ್ಲಿದ್ದೆ, ಹೊಸ ಕೆಲಸದ ಕಾಗದಪತ್ರ ಮಾಡಿಸುತ್ತಿದ್ದೆ. ಮೂರು ಸಲ ಫೋನ್ ಮಾಡಿದೆ, ನೀವು ತೆಗೆಯಲಿಲ್ಲ. ಫೋನಿನಲ್ಲಿ ಮಾತಾಡೋಣ. ಇಂಥದ್ದೆಲ್ಲ ಕಾಗದದಲ್ಲಿ ಬೇಡ.

ನಿಮ್ಮ,
ಫಾಕ್ನಾ


ಡ್ರಮ್‌ಕೀಲ್
23 ಏಪ್ರಿಲ್ 2023

ಶ್ರೀ ಫಾಕ್ನಾ ಕೋಕ್ಲಿಯವರಿಗೆ,

ಕಾಗದದಲ್ಲಿ ಬೇಡ ಎಂದು ಬರೆದಿರಿ. ಅದು ಕೂಡ ಕಾಗದದಲ್ಲೇ ಇದೆ, ನೋಡಿಕೊಳ್ಳಿ.

ಸೈಕಲ್ ಬಂದು ಹನ್ನೆರಡು ದಿನವಾಯಿತು. ನಿಮ್ಮ ಸಲಹೆಯಂತೆ ಹಬ್ಬಿನೊಳಗಿನ ಡೈನಮೋ. ಹೆಗಾರ್ಟಿ ಸಹಿ ಹಾಕುವಾಗ ಅವನ ಪೆನ್ನು ನಿಂತುಹೋಯಿತು, ನನ್ನದನ್ನು ಕೊಟ್ಟೆ. ಅಂಗಳದಲ್ಲಿ ಎರಡು ದಿನ ಬ್ರೇಕು ಕಲಿತೆ. ಒಂದು ಸಲ ನೋನಿಯ ಹೂಕುಂಡಕ್ಕೆ ಹೊಡೆದೆ, ಅದು ಬೇರೆ ಸಂತೋಷ.

ಓಣಿಯ ಕಥೆ ಕೇಳಿ. ಎಂಟು ಮುಕ್ಕಾಲಿಗೆ ದೊಡ್ಡ ರಸ್ತೆಯ ಮೂಲೆಯಲ್ಲಿ ನಿಂತು ಕಾಯುತ್ತೇನೆ. ಜೀಪಿನ ಸದ್ದು ಕೇಳಿದ ಕೂಡಲೇ ಓಣಿಗೆ ಇಳಿಯುತ್ತೇನೆ. ನಡು ರಸ್ತೆ, ನೆಟ್ಟಗೆ ಬೆನ್ನು, ಹಿಂದೆ ಕೆಂಪು ದೀಪ, ಬಿಸಿಲಿದ್ದರೂ ಉರಿಯುತ್ತದೆ. ಮೊದಲ ದಿನ ಹಾರನ್ ಹೊಡೆದ. ನಾನು ಗಂಟೆ ಬಾರಿಸಿದೆ. ಎರಡನೆಯ ದಿನ ತಲೆ ಹೊರಗೆ ಹಾಕಿ, "ಸ್ವಲ್ಪ ಪಕ್ಕಕ್ಕೆ ಬನ್ನಿ ಡಿಂಪ್ನಾ!" ಎಂದ. "ಪಕ್ಕದಲ್ಲಿ ಹಳ್ಳ ಇದೆ ಮಿಸ್ಟರ್ ಹೆಗಾರ್ಟಿ, ನನಗೆ ಚೆನ್ನಾಗಿ ಪರಿಚಯ!" ಎಂದೆ. ಒಂದು ಮೈಲಿಗೆ ಹದಿಮೂರು ನಿಮಿಷ. ಅವನಿಗೆ ನನ್ನ ಬೆನ್ನು ಬಿಟ್ಟು ನೋಡಲು ಬೇರೆ ಏನೂ ಇಲ್ಲ. ಬೇಗ ಹೊರಟು ನೋಡಿದ, ನಾನೂ ಬೇಗ ಹೊರಟೆ. ಪ್ಯಾಕಿಂಗ್ ಹುಡುಗಿಯರು ಕಿಟಕಿಯಲ್ಲಿ ನಿಂತು ನೋಡುತ್ತಾರೆ. ದೀಪವಿಲ್ಲದ ಡಿಂಪ್ನಾ ಎಂದವರಲ್ಲಿ ಒಬ್ಬಳು ನಿನ್ನೆ ನನಗೆ ಕೇಕ್ ತಂದುಕೊಟ್ಟಳು.

ಇದರ ರುಚಿ ನಿಮ್ಮ ಜೊತೆ ಹಂಚಿಕೊಂಡು ನಗಬೇಕೆಂದಿದ್ದೆ. ಅದನ್ನೂ ಕಿತ್ತುಕೊಂಡಿರಿ.

ನೋನಿಗೆ ಡೈನಮೋ ಎಂದರೆ ಏನು ಎಂದೇ ಗೊತ್ತಿಲ್ಲ, ಕೇಳಿದೆ. ಅವತ್ತು ಗುರುವಾರ, ಪೇಟೆಯ ಕಚೇರಿ ಮಧ್ಯಾಹ್ನ ಒಂದಕ್ಕೇ ಮುಚ್ಚಿತ್ತು, ಅದನ್ನೂ ಕೇಳಿದೆ. ನಿಮ್ಮನ್ನು ಕೆಲಸಕ್ಕಿಟ್ಟುಕೊಂಡ ಉಗ್ರಾಣ ಹೆಗಾರ್ಟಿಯ ಚೀಸ್ ಕೊಳ್ಳುವವರದು ಎನ್ನುವುದು ನನಗೆ ಮೊದಲೇ ಗೊತ್ತಿತ್ತು. ನಿಮಗೆ ಒಳ್ಳೆಯದಾಯಿತು ಎಂದು ಅವನಿಗೆ ಥ್ಯಾಂಕ್ಸ್ ಹೇಳಿದವಳು ನಾನೇ. ಆಸ್ಪತ್ರೆಯ ಹಾಸಿಗೆಯಿಂದ.

ಮಾರ್ಚ್ ಐದರ ನಿಮ್ಮ ಕಾಗದ ಬಿಸ್ಕತ್ತಿನ ಡಬ್ಬಿಯಲ್ಲಿದೆ. ನಾಳೆಯೇ ಸಾರ್ಜೆಂಟಿಗೆ ಕೊಡಬಹುದು. ಕೊಡುವುದಿಲ್ಲ. ನಿಮ್ಮ ಬೆರಳು ಎತ್ತಿದ್ದನ್ನು ನಿಮ್ಮ ಬೆರಳೇ ಬರೆಯಬೇಕು. ಜೂನ್ ಒಂದರವರೆಗೆ ಕಾಯುತ್ತೇನೆ. ಆಮೇಲೆ ಡಬ್ಬಿ ತೆರೆಯುತ್ತೇನೆ, ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದುತ್ತೇನೆ. ನನ್ನ ದನಿ ಹೇಗೆ ಏರುತ್ತದೆ ಎಂದು ನಿಮಗೆ ಗೊತ್ತು.

ಡಿಂಪ್ನಾ ಟ್ವೋಮಿ


ಝ್ವೊಲೆ
25 ಮೇ 2023

ಚಿಕ್ಕಮ್ಮ,

ಐದು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಾನು ಜೀಪಿನಲ್ಲಿದ್ದೆ. ಎಡಗಡೆಯ ಸೀಟಿನಲ್ಲಿ. ಹೆಗಾರ್ಟಿ ನನ್ನನ್ನು ಊರಿನವರೆಗೆ ಬಿಡುತ್ತೇನೆ ಎಂದು ಹತ್ತಿಸಿಕೊಂಡಿದ್ದರು. ತಿರುವು ದಾಟಿದ ಕೂಡಲೇ ನಿಮ್ಮ ಕೆಂಪು ದೀಪ ಕಾಣಿಸಿತು. ಸ್ಪಷ್ಟವಾಗಿ ಕಾಣಿಸಿತು. "ಅಲ್ಲಿ ನಮ್ಮ ಚಿಕ್ಕಮ್ಮ" ಎಂದೆ. ಅವರು ಫೋನಿನಲ್ಲಿ ಏನೋ ಓದುತ್ತಿದ್ದರು, ಹ್ಞೂಂ ಎಂದರು, ತಲೆ ಎತ್ತಲಿಲ್ಲ. ಮತ್ತೆ ಕೂಗಿದೆ. ಅಷ್ಟರಲ್ಲಿ ಆಗಿಹೋಯಿತು.

ನಾನು ಇಳಿದು ಓಡಿದೆ. ನಿಮ್ಮ ಕೈ ಹಿಡಿದುಕೊಂಡು ಕೂತವನು ನಾನು. ಅಮ್ಮ ಅಲ್ಲ. ನಿಮಗೆ ಪ್ರಜ್ಞೆ ಇಲ್ಲ ಎಂದುಕೊಂಡಿದ್ದೆ. ಹೆಗಾರ್ಟಿ ಫೋನ್ ಮುಗಿಸಿ ಬಂದು, "ಫಾಕ್ನಾ, ನೀನು ಇಲ್ಲಿರ್ಲೇ ಇಲ್ಲ. ತೋಟದ ಕಡೆಯಿಂದ ಹೋಗು" ಎಂದರು. ನಾನು ಏಳಲು ಹೊರಟೆ. "ಹೋಗೋ ಮುಂಚೆ ಆ ಡೈನಮೋ ಎತ್ತು" ಎಂದರು. ತಾವು ಮಾತ್ರ ಸೈಕಲ್ಲಿನ ಹತ್ತಿರ ಬರಲಿಲ್ಲ. ನಿಮ್ಮ ಕೈ ಬಿಟ್ಟು ಅದೇ ಕೈಯಿಂದ ಎತ್ತಿದೆ. ಟಕ್ ಎಂದಿತು. ಇಲ್ಲಿ ಎಲ್ಲ ಕಡೆ ಸೈಕಲ್ಲು, ದಿನಕ್ಕೆ ನೂರು ಸಲ ಆ ಸದ್ದು ಕೇಳಿಸುತ್ತದೆ.

ಯಾಕೆ ಎಂದು ಕೇಳುತ್ತೀರಿ. ಕೆಲಸ ಹೋಗುತ್ತದೆ ಎಂಬ ಭಯ. ಅವರ ಕಾರ್ಖಾನೆಯಲ್ಲಿ ಅವರು ಹೇಳಿದ್ದನ್ನು ಮಾಡಿ ಆರು ವರ್ಷದ ಅಭ್ಯಾಸ. ಆಮೇಲೆ ಹಾಲೆಂಡಿನ ಕೆಲಸ ಕೊಡಿಸಿದರು, ಬಾಯಿ ಮುಚ್ಚಿಕೊಂಡು ಬಂದೆ. ನಿಮ್ಮ ಮೊದಲ ಕಾಗದದಲ್ಲಿ ಅಮ್ಮ ಕೈ ಹಿಡಿದಳು ಎಂದು ಓದಿದ ದಿನ ನಿಜ ಹೇಳಲು ಪೆನ್ನು ಹಿಡಿದು ಕೂತೆ. ಆದರೂ ಬರೆಯಲಿಲ್ಲ. ಒಳ್ಳೆಯ ದೀಪ ಕೊಡಿಸಿಬಿಟ್ಟರೆ ಸರಿಹೋಗುತ್ತದೆ ಎಂದುಕೊಂಡೆ.

ಇದರ ಜೊತೆಗಿರುವ ಎರಡು ಹಾಳೆ ಸಾರ್ಜೆಂಟ್ ಮುಲ್ಕಾಹಿಗೆ. ಇದೇ ವಿಷಯ, ಸಹಿ ಹಾಕಿದ್ದೇನೆ. ಕೊಡಿ.

ಫಾಕ್ನಾ


ಡ್ರಮ್‌ಕೀಲ್
1 ಜೂನ್ 2023

ಶ್ರೀ ಫಾಕ್ನಾ ಕೋಕ್ಲಿಯವರಿಗೆ,

ಇವತ್ತು ಬೆಳಿಗ್ಗೆ ತಲುಪಿತು. ಓಣಿಗೆ ಹೋಗದೆ ನೇರವಾಗಿ ಠಾಣೆಗೆ ಹೋಗಿ ಕೊಟ್ಟೆ. ಸಾರ್ಜೆಂಟ್ ಓದಿ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

ನಾನು ಸತ್ತ ಅಕ್ಕನಿಗೆ ಪೂಜೆ ಹೇಳಿಸಿದೆ. ನೀವು ಬದುಕಿದ್ದು ಅದನ್ನು ಓದಿದಿರಿ. ಮೂಳೆ ಮುರಿದವನ ಮೇಲೆ ನನಗಿರುವುದು ಸಿಟ್ಟು. ನಿಮ್ಮ ಮೇಲಿರುವುದಕ್ಕೆ ನನಗೆ ಇನ್ನೂ ಹೆಸರು ಸಿಕ್ಕಿಲ್ಲ.

ಮತ್ತೆ ಬರೆಯಬೇಡಿ.

ಡಿ. ಟ್ವೋಮಿ


ಝ್ವೊಲೆ
13 ಆಗಸ್ಟ್ 2023

ಚಿಕ್ಕಮ್ಮ,

ಬರೆಯಬೇಡಿ ಎಂದಿರಿ. ಹತ್ತು ವಾರ ಬರೆಯಲಿಲ್ಲ. ಇದೊಂದು ತಿಳಿಸಲೇಬೇಕಾದ ವಿಷಯ.

ಸಾರ್ಜೆಂಟ್ ಫೋನ್ ಮಾಡಿ ಎರಡು ಗಂಟೆ ಎಲ್ಲ ಕೇಳಿದರು. ಸೆಪ್ಟೆಂಬರ್ ಹನ್ನೆರಡು, ಮಂಗಳವಾರ, ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಬೇಕು. ನನ್ನ ಮೇಲೂ ಮೊಕದ್ದಮೆ ಆಗಬಹುದು ಎಂದರು. ಆಗಲಿ ಎಂದೆ. ಉಗ್ರಾಣದವರು ಜುಲೈನಲ್ಲೇ ಕೆಲಸದಿಂದ ತೆಗೆದರು, ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ರೈಲು ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತೇನೆ.

ಭಾನುವಾರ ಹತ್ತರಂದು ಬೆಳಿಗ್ಗೆ ಹನ್ನೊಂದೂಕಾಲರ ಬಸ್ಸಿಗೆ ಬರುತ್ತೇನೆ. ನಿಮ್ಮ ಮನೆ ಕೇಳುತ್ತಿಲ್ಲ, ಪೇಟೆಯಲ್ಲಿ ಕೋಣೆ ನೋಡಿದ್ದೇನೆ. ಬಸ್ಸು ಬೆಟ್ಟದ ಮೇಲಿನ ಕೂಡುರಸ್ತೆಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಊರಿನ ನಡುವೆ ನಡೆದು ಅಮ್ಮನ ಸಮಾಧಿಗೆ ಹೋಗಿ, ಮರುಬಸ್ಸಿಗೆ ಪೇಟೆಗೆ ಹೋಗುತ್ತೇನೆ. ನಿಮಗೆ ಎದುರಾಗಬಾರದು ಎಂದಿದ್ದರೆ ಆ ಹೊತ್ತಿಗೆ ಒಳಗಿರಿ. ತಿಳಿಸಿರಲಿ ಎಂದು ಬರೆದೆ.

ಫಾಕ್ನಾ


ಡ್ರಮ್‌ಕೀಲ್
27 ಆಗಸ್ಟ್ 2023

ಫಾಕ್ನಾ,

ನಾನು ಯಾರಿಗೆ ಹೆದರಿ ಒಳಗಿರಬೇಕು? ಒಳಗಿರುವ ಕಾಲ ಮುಗಿಯಿತು.

ಹೆಗಾರ್ಟಿಯ ಸುದ್ದಿ ಕೇಳು. ಸಮನ್ಸ್ ಬಂದ ಮರುದಿನ ನನ್ನ ಮೇಜಿನ ಹತ್ತಿರ ಬಂದ. ಮೂವತ್ತೊಂದು ವರ್ಷದಲ್ಲಿ ಅವನು ನನ್ನ ಮೇಜಿಗೆ ಬಂದದ್ದು ಅದೇ ಮೊದಲು. ದನಿ ತಗ್ಗಿಸಿ, "ಏನು ಬೇಕು ಹೇಳಿ ಡಿಂಪ್ನಾ, ಕೋರ್ಟಿನವರೆಗೆ ಯಾಕೆ?" ಎಂದ.

"ನಾಳೆ ಹತ್ತು ಗಂಟೆ ಚಹಾ ಹೊತ್ತಿಗೆ ಕ್ಯಾಂಟೀನಿಗೆ ಬನ್ನಿ," ಎಂದೆ. "ಅಲ್ಲಿ ಎಲ್ಲರ ಮುಂದೆ ಮೂರೇ ಮಾತು ಹೇಳಿ. ಡಿಂಪ್ನಾಗೆ ದೀಪ ಇತ್ತು."

ಬಂದ, ಫಾಕ್ನಾ. ನಲವತ್ತು ಜನ. ಪ್ಯಾಕಿಂಗ್ ಹುಡುಗಿಯರು, ಹಾಲಿನ ಲಾರಿಯವರು, ನೋನಿಯ ಮಗಳು. ಟೋಪಿ ಕೈಯಲ್ಲಿ ಹಿಂಡುತ್ತ ನಿಂತು, ನೆಲ ನೋಡಿಕೊಂಡು ಹೇಳಿದ. "ಕೇಳಿಸ್ಲಿಲ್ಲ" ಎಂದು ಹಿಂದಿನಿಂದ ಯಾರೋ ಅಂದರು, ನಾನಲ್ಲ, ದೇವರಾಣೆ. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದ.

ನಾನು ಎದ್ದು ನಿಂತೆ. ಕೋಲು ಹಿಡಿಯದೆ. "ನಾನು ಕ್ಷಮಿಸಿದೀನಿ ಮಿಸ್ಟರ್ ಹೆಗಾರ್ಟಿ," ಎಂದೆ, "ಮನಸ್ಸಲ್ಲಿ ಇಟ್ಕೊಳ್ಳಲ್ಲ." ಅವನ ಮುಖ ಬೆಳಗಿತು, ಮುಗಿಯಿತು ಎಂದುಕೊಂಡ. "ಸೆಪ್ಟೆಂಬರ್ ಹನ್ನೆರಡಕ್ಕೆ ಕೋರ್ಟಲ್ಲಿ ಸಿಗೋಣ" ಎಂದು ಸೇರಿಸಿದೆ. ಆ ಮುಖ ಇಳಿದದ್ದನ್ನು ನಾನು ಸಾಯುವವರೆಗೆ ನೆನೆದು ನೆನೆದು ತಿನ್ನುತ್ತೇನೆ. ನಾನು ಪಾಪಿ ಎಂದು ಪಾದ್ರಿಗಳು ಹೇಳಿದರೆ ಹೇಳಲಿ.

ಹಳೆಯ ಸೈಕಲ್ ಮೊನ್ನೆ ಠಾಣೆಯಿಂದ ವಾಪಸ್ ಬಂತು. ಸಾರ್ಜೆಂಟ್ ಬಾಗಿದ ಚಕ್ರ ಬದಲಿಸಿ, ಡೈನಮೋ ಟೈರಿಗೆ ಒತ್ತಿ, ನನ್ನ ಎದುರಿಗೇ ತಿರುಗಿಸಿದರು. ಹಿಂದಿನ ದೀಪ ಉರಿಯಿತು. ಅದನ್ನು ನೋಡುತ್ತ ನಿಂತವಳಿಗೆ ಯಾಕೋ ಹೆಗಾರ್ಟಿಯ ನೆನಪಾಗಲಿಲ್ಲ, ನಿನ್ನ ನೆನಪಾಯಿತು. ಮೈ ಉರಿಯಿತು, ಆದರೂ ನಿನ್ನ ನೆನಪೇ.

ಈಗ ನಿನ್ನ ಲೆಕ್ಕ. ಭಾನುವಾರ ಹನ್ನೊಂದೂಕಾಲರ ಬಸ್ಸು ಬರುವ ಹೊತ್ತಿಗೆ ಪೂಜೆ ಮುಗಿದು ಊರೆಲ್ಲ ಚರ್ಚಿನ ಮುಂದೆ ನಿಂತಿರುತ್ತದೆ. ನೀನು ನಡೆದು ಬರುವುದಿಲ್ಲ. ನಾನು ಕೂಡುರಸ್ತೆಯಲ್ಲಿ ಸೈಕಲ್ ಹಿಡಿದು ನಿಂತಿರುತ್ತೇನೆ. ಹಿಂದೆ ಗಟ್ಟಿ ಕ್ಯಾರಿಯರ್ ಇದೆ, ನೀನೇ ಹೇಳಿ ಹಾಕಿಸಿದ್ದು. ಅದರ ಮೇಲೆ ಕೂರುತ್ತೀಯ, ಅಲ್ಲಿಯವರ ಹಾಗೆ ಕಾಲು ಒಂದೇ ಕಡೆಗೆ ಇಳಿಬಿಟ್ಟು. ನಿನ್ನ ಕಾಲುಗಳಿಗೆ ಏನೂ ಆಗಿಲ್ಲ, ನನ್ನ ಸೊಂಟ ಮುರಿದದ್ದು ಎಲ್ಲರಿಗೂ ಗೊತ್ತು. ಆ ಸೊಂಟವೇ ನಿನ್ನನ್ನು ಎಳೆದುಕೊಂಡು ಹೋಗುತ್ತದೆ, ಬೇಕರಿಯ ಮುಂದೆ, ಅಂಚೆ ಕಚೇರಿಯ ಮುಂದೆ, ಚರ್ಚಿನ ಮುಂದೆ, ಹೆಗಾರ್ಟಿಯ ಮನೆ ಗೇಟಿನ ಮುಂದೆ, ಆ ಓಣಿಯ ತಿರುವು ಹಾದು, ನಿಮ್ಮಮ್ಮನ ಸಮಾಧಿಯವರೆಗೆ. ಕೂಡುರಸ್ತೆಯಿಂದ ಇಳಿಜಾರೇ ಇರುವುದು, ನಿಧಾನವಾಗಿಯೇ ಹೋಗುತ್ತೇನೆ, ಪ್ರತಿಯೊಬ್ಬರೂ ನೋಡಲಿ. ಸೈಕಲ್ಲಿನಲ್ಲಿ ಇಬ್ಬರು ಹೋಗುವುದು ಇಲ್ಲಿ ತಪ್ಪಂತೆ. ಅವತ್ತೊಂದು ದಿನ ಆಕಾಶ ನೋಡಿಕೊಂಡು ನಿಲ್ಲುತ್ತೇನೆ ಎಂದು ಸಾರ್ಜೆಂಟ್ ಮಾತು ಕೊಟ್ಟಿದ್ದಾರೆ. ನನಗೆ ಅವರು ಅಷ್ಟಾದರೂ ಮಾಡಬೇಕು.

ಇಳಿದು ತಳ್ಳುತ್ತೇನೆ ಎಂದು ಬಾಯಿ ಬಿಡಬೇಡ. ಮುಖ ಮುಚ್ಚಿಕೊಳ್ಳಬೇಡ.

ಪೇಟೆಯ ಕೋಣೆ ಬೇಡ ಎಂದು ಹೇಳಿಬಿಡು. ನಿನ್ನ ಹಳೆಯ ಹಾಸಿಗೆಗೆ ಬಿಸಿಲು ತೋರಿಸಿದ್ದೇನೆ. ಊಟಕ್ಕೆ ಹಂದಿ ಮಾಂಸ, ಎಲೆಕೋಸು. ಮಾತು ನಾನು ಆಡಿದಾಗ ಆಡು.

ಓಣಿಯ ತಿರುವಿನಲ್ಲಿ ಸ್ವಲ್ಪ ಕುಲುಕುತ್ತದೆ. ಆಗ ನನ್ನ ಕೋಟು ಹಿಡಿದುಕೊ. ಕೈ ಮಾತ್ರ ಹಿಡಿಯಬೇಡ, ಅದಕ್ಕೆ ಇನ್ನೂ ದಿನ ಬೇಕು.

ಚಿಕ್ಕಮ್ಮ